ನಿಂತ ಹನಿ

ಕಾಲುಚೀಲ ಹಿಮ್ಮಡಿಯ ಹತ್ತಿರ ಸಿಕ್ಕಿಕೊಂಡಿತು. ಈಜು ಮಾಸ್ತರು ಹೆಂಡತಿಯ ಪಾದವನ್ನು ಮಡಿಲಲ್ಲಿಟ್ಟುಕೊಂಡು ಇನ್ನೊಮ್ಮೆ ಮೆಲ್ಲಗೆ ಎಳೆದರು. ಬದುಕಿದ್ದಾಗಲೂ ಅವಳ ಕಾಲು ತಣ್ಣಗೇ ಇರುತ್ತಿತ್ತು. ಹಾಗಾಗಿ ಅವರ ಕೈಗೆ ಸಾವಿನ ಸುದ್ದಿ ಇನ್ನೂ ಮುಟ್ಟಿರಲಿಲ್ಲ.

"ಬಿಡಿ, ನಾನು ಹಾಕ್ತೀನಿ," ಎಂದರು ಅವಳ ಅಕ್ಕ.

"ಇರಲಿ ಅಕ್ಕ, ಆಯ್ತು."

ಮನೆಗೆ ಮನೆಯೇ ನೀರಿನಡಿ ಇದ್ದಂತಿತ್ತು. ಹಜಾರದ ಮಾತುಗಳು ಕೊಳದ ತಳಕ್ಕೆ ಇಳಿದವನಿಗೆ ಕೇಳುವ ಹಾಗೆ ದುಂಡಗಾಗಿ, ತಡವಾಗಿ ಬಂದು ತಾಕುತ್ತಿದ್ದವು. ಜನ ತೇಲುತ್ತ ಬಂದು ಕೈ ಹಿಡಿಯುತ್ತಿದ್ದರು, ಏನೋ ಅನ್ನುತ್ತಿದ್ದರು, ತೇಲಿ ಹೋಗುತ್ತಿದ್ದರು.

ಅಕ್ಕ ಕಿಟಕಿಯಲ್ಲಿ ಇಣುಕಿದರು. "ಗೇಟಿನ ಹತ್ರ ನಿಂತಿರೋರು ಯಾರು? ಆಗಿಂದ ನೋಡ್ತಿದೀನಿ, ಒಳಗೂ ಬರಲ್ಲ, ಹೋಗೋದೂ ಇಲ್ಲ."

ತಲೆ ಪೂರ್ತಿ ಬೆಳ್ಳಗಾಗಿದ್ದರೂ ಮಾಸ್ತರಿಗೆ ಗುರುತು ಸಿಕ್ಕಿತು. "ದೊಡ್ಡ ಮೇಡಂ."

"ಇವಳ ಜೊತೆ ಮಾತು ಬಿಟ್ಟಿದ್ಲಲ್ಲ, ಅವಳಾ? ಬದುಕಿದ್ದಾಗ ಬಾರದೋಳು ಈಗ್ಯಾಕೆ ಬಂದ್ಲಂತೆ?"

*

ಇಬ್ಬರೂ ಕಾಲೇಜಿನಿಂದ ಗೆಳತಿಯರು; ಆಮೇಲೆ ಕೆಲಸಕ್ಕೆ ಸೇರಿದ್ದೂ ಒಂದೇ ಕಂಪನಿಗೆ. ರೋಗಿಯ ಮೈಗೆ ಹನಿಹನಿಯಾಗಿ ಔಷಧಿ ಬಿಡುವ ಪಂಪು ಅಲ್ಲಿ ತಯಾರಾಗುತ್ತಿತ್ತು. ಮೇಡಂ ವಿಭಾಗಕ್ಕೆ ಮುಖ್ಯಸ್ಥೆ. ಪಂಪಿನೊಳಗಿನ ಪುಟ್ಟ ಕಂಪ್ಯೂಟರಿಗೆ ಯಾವ ಕೆಲಸ ಮೊದಲು, ಯಾವುದು ಆಮೇಲೆ ಎಂದು ಸರದಿ ಹಚ್ಚುವವಳು ಮಾಸ್ತರ ಹೆಂಡತಿ. ಔಷಧಿ ತಳ್ಳುವುದು, ಪರದೆ ತೋರಿಸುವುದು, ನಡೆದದ್ದನ್ನು ದಾಖಲಿಸುವುದು ಎಲ್ಲಕ್ಕೂ ಇದ್ದದ್ದು ಆ ಕಂಪ್ಯೂಟರೊಂದೇ. ಎಂದಾದರೊಮ್ಮೆ ಪಂಪು ಸದ್ದಿಲ್ಲದೆ ನಿಂತುಬಿಡುತ್ತದೆ ಎಂಬ ಅನುಮಾನ ಅವಳನ್ನು ಹತ್ತಿತು. ಬೇರೆ ಯಾರೂ ಅದನ್ನು ಕಂಡಿರಲಿಲ್ಲ. ಅಲುಗಾಡದೆ ಪಂಪಿನ ಮುಂದೆ ಕೂತಿರುತ್ತಿದ್ದ ಅವಳಿಗೆ ಆಫೀಸಿನವರು 'ಕೊಕ್ಕರೆ' ಎಂದು ಹೆಸರಿಟ್ಟರು.

ಅವಳಿಗೆ ಈಜು ಬಾರದು. ದೀಪದ ಬುಡ ಕತ್ತಲೆ ಎಂದು ಮಾಸ್ತರ ಶಿಷ್ಯರು ನಗುತ್ತಿದ್ದರು. ಒಂದು ಭಾನುವಾರ ಕೊಳದ ಕಟ್ಟೆಯ ಮೇಲೆ ಸುಮ್ಮನೆ ಕೂತಿದ್ದವಳು ತಟ್ಟನೆ ಚಪ್ಪಾಳೆ ಹೊಡೆದಳು.

"ಪಂಪು ಯಾಕೆ ನಿಲ್ಲತ್ತೆ ಅಂತ ಸಿಕ್ತು ರೀ! ಇಲ್ಲಿ ಒಂದೇ ಬಚ್ಚಲು, ಒಂದೇ ಬಕೆಟ್ಟು ಅಂದ್ಕೊಳ್ಳಿ. ಬಕೆಟ್ಟೇ ಆ ಕಂಪ್ಯೂಟರು. ಬಚ್ಚಲು ತೊಳೆಯೋನು ಒಳಗಿದಾನೆ. ಹೊರಗೆ ಸಾಹೇಬ್ರು, ಅಂದ್ರೆ ಔಷಧಿ ತಳ್ಳೋ ಕೆಲಸ, ಅರ್ಜೆಂಟು ಅಂತ ನಿಂತಿದಾರೆ."

"ಪಾಪ."

"ಅವನು ತೊಳೆದು ಮುಗಿಸಿದ್ರೆ ತಾನೆ ಇವರು ಒಳಗೆ? ಆದ್ರೆ ಅವನು ಚಿಕ್ಕೋನು. ನಡುವೆ ಬರೋ ಗುಮಾಸ್ತರೆಲ್ಲ ಅವನ ಕೈಯಿಂದ ಬಕೆಟ್ಟು ಕಿತ್ಕೊಂಡು ಹೋಗ್ತಾರೆ. ಅವನು ಮುಗಿಸೋ ಹಾಗಿಲ್ಲ, ಸಾಹೇಬ್ರು ಹೋಗೋ ಹಾಗಿಲ್ಲ!"

"ಮತ್ತೆ ಸಾಹೇಬ್ರ ಗತಿ?"

"ಸಾಹೇಬ್ರು ಯಾರಿಗೆ ಕಾಯ್ತಿದಾರೋ, ಅವನ ಕೆಲಸ ಮುಗಿಯೋವರೆಗೂ ಅವನೂ ಸಾಹೇಬನೇ. ಬಕೆಟ್ಟು ಯಾರೂ ಮುಟ್ಟಬಾರದು. ಅಷ್ಟೇ!"

ಉತ್ತರ ಸಿಕ್ಕಿತು, ನಂಬುವವರು ಸಿಕ್ಕಲಿಲ್ಲ. ಪಂಪುಗಳು ಆಗಲೇ ಪೆಟ್ಟಿಗೆ ಸೇರಿ ಲಾರಿ ಕಾಯುತ್ತಿದ್ದವು. ಮುಂದೆ ಏನಾಯಿತೆಂದು ಅವಳು ಮನೆಯಲ್ಲಿ ಬಾಯಿಬಿಡಲಿಲ್ಲ. ಲಾರಿ ಹೊರಡಲಿಲ್ಲ, ಮೇಡಂ ಕೆಲಸ ಕಳೆದುಕೊಂಡರು, ಗೆಳತಿಯರ ಮಾತು ನಿಂತಿತು. ಮಾಸ್ತರಿಗೆ ಗೊತ್ತಿದ್ದದ್ದು ಇಷ್ಟೇ.

*

ಗೇಟಿನವರೆಗೆ ನಡೆಯುವುದು ಎದೆಮಟ್ಟದ ನೀರಿನಲ್ಲಿ ನಡೆದಂತಿತ್ತು.

"ಒಳಗೆ ಬನ್ನಿ ಮೇಡಂ."

"ಸಿಟ್ಟು ಹೋಗಿಲ್ಲ ಮಾಸ್ತರೆ. ಸುಳ್ಳು ಮುಖ ಹೊತ್ಕೊಂಡು ಹೇಗೆ ಬರ್ಲಿ?"

"ಸಿಟ್ಟಿನ ಮುಖದಲ್ಲೇ ಬನ್ನಿ. ಅವಳಿಗೂ ಗುರುತು ಸಿಗತ್ತೆ."

ಮೇಡಂ ನಕ್ಕರೋ ಅತ್ತರೋ ತಿಳಿಯಲಿಲ್ಲ. ಗೇಟಿನ ಸರಳು ಹಿಡಿದೇ ಕೇಳಿದರು: "ಲಾರಿ ಹೊರಡೋ ದಿನ ಅವಳು ಏನು ಮಾಡಿದ್ಲು, ನಿಮಗೆ ಹೇಳಿದ್ಲಾ?"

"ಇಲ್ಲ."

"ಪಂಪಿನ ಸೂಜಿ ತನ್ನ ಕೈಗೇ ಚುಚ್ಚಿಸ್ಕೊಂಡು ಕೂತ್ಲು. ಔಷಧಿಯಲ್ಲ, ಬರೀ ಉಪ್ಪುನೀರು. 'ಇದು ನಿಲ್ಲತ್ತೆ, ಎಲ್ರೂ ನೋಡಿ' ಅಂದ್ಲು. ನಿಲ್ಲಲಿಲ್ಲ. ಎಲ್ರೂ ನಕ್ಕು ಊಟಕ್ಕೆ ಹೋದ್ರು. ನಾನು ಬೈಯೋಕೆ ಅಂತ ಉಳಿದೆ. ಬೈದೂ ಬೈದೂ ಸಾಕಾಗಿ ಪಕ್ಕದಲ್ಲೇ ಕೂತೆ. ಮೇಜಿನ ಮೇಲಿದ್ದ ಬಿಸಿಲು ಗೋಡೆ ಹತ್ತೋ ಹೊತ್ತಿಗೆ ಹನಿ ನಿಂತಿತು. ಕೆಂಪು ದೀಪ ಹತ್ಲಿಲ್ಲ, ಕೂಗು ಹಾಕ್ಲಿಲ್ಲ. ಪರದೆ ಮೇಲೆ ಎಲ್ಲಾ ಸರಿ ಅಂತಾನೇ ಇತ್ತು. ಹನಿ ಮಾತ್ರ ಇಲ್ಲ."

"ಅವಳೇನಂದ್ಲು?"

"ನನ್ನ ಮುಖ ನೋಡಿದ್ಲು, ಅಷ್ಟೇ. ನಾನು ನೋಡೇ ಇಲ್ಲ ಅಂದಿದ್ರೆ ಲಾರಿ ಹೋಗ್ತಿತ್ತು, ನನ್ನ ಕುರ್ಚಿ ಉಳೀತಿತ್ತು. ಲಾರಿ ನಿಲ್ಲಿಸಿದೆ." ಮೇಡಂ ಮೂಗು ಒರೆಸಿಕೊಂಡರು. "ನನ್ನೇ ಯಾಕೆ ಪಕ್ಕದಲ್ಲಿ ಕೂರಿಸ್ಕೋಬೇಕಿತ್ತು? ಅದೇ ಸಿಟ್ಟು."

ಮಾಸ್ತರು ಗೇಟಿನ ಚಿಲಕ ತೆಗೆದರು. ಆಮೇಲೆ, "ಬೇರೆ ಯಾರು ಕೂರ್ತಿದ್ರು ಮೇಡಂ?" ಎಂದರು.

ಅಕ್ಕ ಬಾಗಿಲಿಗೆ ಬಂದು ನಿಂತಿದ್ದರು. ಮೇಡಂ ಮೆಟ್ಟಿಲು ಹತ್ತಿದಾಗ ಪಕ್ಕಕ್ಕೆ ಸರಿದು ದಾರಿ ಬಿಟ್ಟರು.

*

ಮಧ್ಯಾಹ್ನ ಮಣ್ಣು ಮಾಡಿದರು. ಎಲ್ಲರೂ ಒಂದೊಂದು ಹಿಡಿ ಮಣ್ಣು ಹಾಕಿ ಸರಿದರೆ, ಮೇಡಂ ಮೊಣಕಾಲೂರಿ ಕೂತು ಎರಡೂ ಕೈಯಿಂದ ಬಾಚಿ ಬಾಚಿ ಹಾಕಿದರು. ಜನ ಹೊಗೆಯಂತೆ ತೆಳುವಾಗುತ್ತ, ಮರಗಳ ನಡುವೆ ಕರಗಿದರು.

ಸ್ಮಶಾನದ ಗೋಡೆಯ ಬಳಿ ಒಂದು ನಲ್ಲಿಯಿತ್ತು. ಗುಂಡಿ ಒತ್ತಿ ಹಿಡಿದಷ್ಟು ಹೊತ್ತು ಮಾತ್ರ ನೀರು ಬರುವಂಥದ್ದು. ಮೇಡಂ ಒಂದು ಕೈಯಲ್ಲಿ ಒತ್ತಿ ಇನ್ನೊಂದು ಕೈ ಒಡ್ಡಿದರು. ಒಂಟಿ ಕೈ ತೊಳೆದುಕೊಳ್ಳುವುದು ಹೇಗೆ? ಮಾಸ್ತರು ಬಂದು ಗುಂಡಿಯ ಮೇಲೆ ಹೆಬ್ಬೆರಳಿಟ್ಟರು. ಮೇಡಂ ಉಗುರಿನ ಸಂದಿಯ ಮಣ್ಣನ್ನೂ ಬಿಡದೆ ಎರಡೂ ಕೈ ತೊಳೆದುಕೊಂಡರು. ತೊಳೆದು, ಪಕ್ಕಕ್ಕೆ ಸರಿದು, ಗುಂಡಿಯನ್ನು ತಾವು ಒತ್ತಿ ಹಿಡಿದರು.

ಮಾಸ್ತರು ಬೊಗಸೆಯೊಡ್ಡಿದರು. ಬೊಗಸೆ ತುಂಬಿತು, ತುಳುಕಿತು, ಮೊಣಕೈವರೆಗೂ ಇಳಿಯಿತು. ಅವರು ಕೈ ಹಿಂದಕ್ಕೆ ತೆಗೆಯಲಿಲ್ಲ. ಮೇಡಂ ಬೆರಳು ಎತ್ತಲಿಲ್ಲ.