ಅಂಚಿನ ದಾರಿ

ಚಿಕ್ಕಮ್ಮ ಲವೀನಾ ತನ್ನ ಮನೆಯ ಬಾಗಿಲನ್ನೇ ಮರೆತದ್ದು ಈ ಚಳಿಗಾಲದಲ್ಲಿ. ಕುರಿ ಬಿಡಲು ಏಳುತ್ತಾಳೆ, ಗೋಡೆ ಸವರುತ್ತ ಒಂದು ಸುತ್ತು ಬರುತ್ತಾಳೆ, ತೆರೆದ ಬಾಗಿಲನ್ನು ದಾಟಿ ಮತ್ತೊಂದು ಸುತ್ತು ಹೊರಡುತ್ತಾಳೆ. ಬಾಗಿಲು ಇರುವುದು ಪೂರ್ವಕ್ಕೇ, ನಮ್ಮವರೆಲ್ಲರ ಬಾಗಿಲಿನ ಹಾಗೆ. ಮೊದಮೊದಲು ನಕ್ಕೆವು. ಆಮೇಲೆ ನಗು ಬರಲಿಲ್ಲ.

ಆಸ್ಪತ್ರೆಯ ಡಾಕ್ಟರು ವಯಸ್ಸಿನ ಮೇಲೆ ಹಾಕಿದರು. ಮೊನ್ನೆ ಮೊನ್ನೆ ಕುದುರೆ ಪಳಗಿಸಿದವಳಿಗೆ ಎಂಥ ವಯಸ್ಸು? ತನ್ನ ಕೈ ನಡುಗುತ್ತ ಎತ್ತ ಎಳೆಯುತ್ತದೋ ಅದರಿಂದ ಕಾಯಿಲೆಯ ಕಾರಣ ಹೇಳುವ ಮುದುಕನನ್ನು ಕರೆಸಿದೆವು. ನಡುಗುವ ಕೈ ಅವನನ್ನು ಮಗ್ಗದ ಕಡೆಗೇ ಎಳೆಯಿತು.

"ಇವಳ ಮನಸ್ಸು ಎಲ್ಲೋ ಒಳಗೆ ಸಿಕ್ಕೊಂಡಿದೆ. ಕಂಬಳೀಲಿ ದಾರಿ ಬಿಟ್ಟೇ ನೇಯ್ದಿದ್ಳೇನಮ್ಮಾ?"

"ಬಿಡದೆ ಇರ್ತಾಳಾ ತಾತ? ನನಗೆ ಹೇಳಿಕೊಟ್ಟೋಳೇ ಅವಳು," ಎಂದೆ.

ಅಂಚು ಕಟ್ಟಿದ ಕಂಬಳಿ ನೇಯುವಾಗ ಒಳಗಿನ ಬಣ್ಣದ ಒಂದೆಳೆಯನ್ನು ಅಂಚು ದಾಟಿಸಿ ಹೊರಕ್ಕೆ ಒಯ್ಯಬೇಕು. ನೇಯುವಷ್ಟು ಕಾಲ ನಮ್ಮ ಮನಸ್ಸೆಲ್ಲ ಅದರೊಳಗೇ ಇರುತ್ತದೆ. ಹೊರಬರಲು ಅದಕ್ಕೊಂದು ದಾರಿ ಬೇಡವೇ?

ಚಿಕ್ಕಮ್ಮ ನೇಯ್ದು ಮಾರಿದ್ದ ದೊಡ್ಡ ಕಂಬಳಿ ಸಾಂಟಾ ಫೆ ಪಟ್ಟಣದ ಕಂಬಳಿ ಸಂಗ್ರಹಕಾರ ವಿಟ್ಕಮ್‌ನ ಬಳಿ ಇತ್ತು. ಅವನಿಗೆ ಚಿಕ್ಕಮ್ಮ ಇಟ್ಟ ಹೆಸರು ಒದ್ದೆಗೈ. ಅವನ ಕೈ ಕುಲುಕಿದರೆ ಲಂಗಕ್ಕೆ ಒರೆಸಿಕೊಳ್ಳಬೇಕು. ಅದರ ದಾರಿಗೆ ಏನಾಗಿದೆಯೋ ನೋಡಲು ಪಿಕಪ್ಪಿನಲ್ಲಿ ಚಿಕ್ಕಮ್ಮನನ್ನು ಕೂರಿಸಿಕೊಂಡು ಹೊರಟೆ. ಅವಳ ಚೀಲದಲ್ಲಿ ಎಂದಿನಂತೆ ಉಣ್ಣೆಯ ಉಂಡೆ, ಕಂಬಳಿ ಮುಗಿಸುವ ದಬ್ಬಳ.

ಒದ್ದೆಗೈ ಹಿರಿಹಿರಿ ಹಿಗ್ಗಿ ಒಳಗೆ ಕರೆದೊಯ್ದ. ಆ ಕೋಣೆಯ ಗೋಡೆಯೇ ಕಾಣುತ್ತಿರಲಿಲ್ಲ. ಮುತ್ತಜ್ಜಿಯರು ಹೊದ್ದ ಪಟ್ಟೆಯ ಹೊದಿಕೆಗಳಿಂದ ಹಿಡಿದು ಮೊನ್ನೆಯ ನೇಯ್ಗೆಯವರೆಗೆ, ಒಂದರ ಪಕ್ಕ ಒಂದು. ನಮ್ಮ ಹೆಂಗಸರೆಲ್ಲ ಉಸಿರು ಬಿಗಿಹಿಡಿದು ನಿಂತಂತೆ ಅನ್ನಿಸಿ ನನಗೆ ಭಯವಾಯಿತು. ಕಿಟಕಿಯ ಬಳಿ ಒಬ್ಬ ಹೆಂಗಸು ನಮಗೆ ಬೆನ್ನು ಹಾಕಿ ಹೊಲಿಯುತ್ತಿದ್ದಳು.

"ಹರಾಜಲ್ಲಿ ನಿಮ್ಮ ಮೊದಲನೇ ಕಂಬಳೀನೂ ತಗೊಂಡೆ," ಎಂದ ನನ್ನತ್ತ ತಿರುಗಿ. "ಇನ್ನೂ ಗೋಡೆಗೆ ಬಂದಿಲ್ಲ. ಬನ್ನಿ, ಲವೀನಾ ಅವರದ್ದು ನೋಡಿ."

ನೋಡಿದೆ. ಕಪ್ಪು ಅಂಚು ನಾಲ್ಕೂ ಕಡೆ ಗಟ್ಟಿಯಾಗಿತ್ತು. ಬಿಳಿಯ ಎಳೆ ಇರಬೇಕಾದಲ್ಲಿ ಕರಿಯ ಉಣ್ಣೆಯ ಸಣ್ಣ ಸಣ್ಣ ಹೊಲಿಗೆ.

"ಇದೇನು ಮಾಡಿದ್ರಿ?"

"ಒಂದು ಚಿಕ್ಕ ತಪ್ಪಿತ್ತು. ಸರಿ ಮಾಡಿಸಿದೆ. ಯಾವುದೇ ಬಂದ್ರೂ ಮೊದಲು ಮಾಡ್ಸೋದು ಅದೇ ಕೆಲಸ."

"ತಪ್ಪಲ್ಲ ಸ್ವಾಮಿ, ಅದು ದಾರಿ! ಬಿಚ್ಚಿ."

"ಬಿಚ್ಚೋದಾ? ಸಂಗ್ರಹ ಅಂದ್ರೆ ಕೊರತೆ ಇರಬಾರದಮ್ಮ," ಎಂದು ಮಗುವಿಗೆ ಹೇಳುವಂತೆ ಹೇಳಿದ.

ಅಷ್ಟರಲ್ಲಿ ಚಿಕ್ಕಮ್ಮ ಕಂಬಳಿಯ ಬಳಿ ಹೋಗಿ ಅಂಚನ್ನು ಸವರತೊಡಗಿದ್ದಳು. ಒಂದು ಸುತ್ತು, ಮತ್ತೊಂದು ಸುತ್ತು. ಮನೆಯ ಗೋಡೆ ಸವರುತ್ತಿದ್ದುದೂ ಹೀಗೆಯೇ. ಅವಳ ಚೀಲದಿಂದ ದಬ್ಬಳ ಕಿತ್ತು ಹೊಲಿಗೆಗೆ ಹಾಕಿದೆ.

"ಪೊಲೀಸಿಗೆ ಫೋನ್ ಮಾಡ್ತೀನಿ!"

"ಮಾಡ್ರೀ, ಹೋಗಿ!"

ಅವನು ಫೋನಿಗೆ ಓಡಿದ. ಕರಿ ಎಳೆಗಳು ಒಂದೊಂದಾಗಿ ಉದುರಿದವು. ಕೆಳಗಿನಿಂದ ಚಿಕ್ಕಮ್ಮನ ಬಿಳಿ ಎಳೆ ಮೇಲೆದ್ದು ಅಂಚು ದಾಟಿತು.

ಚಿಕ್ಕಮ್ಮ ನಿಟ್ಟುಸಿರುಬಿಟ್ಟು ನನ್ನ ಕಡೆ ತಿರುಗಿದಳು. "ಅಯ್ಯೋ, ಕುರೀನ ಯಾರ ಹತ್ರ ಬಿಟ್ಟು ಬಂದ್ಯೇ? ಇಲ್ಲೇನು ಕೆಲಸ ನಮಗೆ? ನಡಿ, ನಡಿ." ನೆಟ್ಟಗೆ ಬಾಗಿಲಿಗೆ ನಡೆದು ಹೊರಗೆ ಹೋದಳು. ಸಂತೋಷಕ್ಕೆ ನನಗೆ ಅಳು ಉಕ್ಕಿತು.

ಹಿಂದೆ ಕತ್ತರಿಯ ಸದ್ದಾಯಿತು.

"ಇದೂ ಮುಗೀತು ಸರ್," ಎಂದು ಕಿಟಕಿಯ ಹೆಂಗಸು ಒಂದು ಚಿಕ್ಕ ಕಂಬಳಿಯನ್ನು ಬೆಳಕಿಗೆ ಎತ್ತಿ ಹಿಡಿದಳು. ಕಂದು ಅಂಚು, ನಡುವೆ ಸ್ವಲ್ಪ ಸೊಟ್ಟಗಾದ ಮೆಟ್ಟಿಲಿನ ಚಿತ್ತಾರ. ನನ್ನ ಮೊದಲ ನೇಯ್ಗೆಯ ಆ ಸೊಟ್ಟವನ್ನು ನೋಡಿ ಚಿಕ್ಕಮ್ಮ ವಾರಗಟ್ಟಲೆ ನನ್ನನ್ನು ಆಡಿಕೊಂಡಿದ್ದಳು. ಅಂಚು ನಾಲ್ಕೂ ಕಡೆ ಗಟ್ಟಿಯಾಗಿತ್ತು.

ನನ್ನ ಕೈಯಲ್ಲಿ ಚೂಪಾದ ಏನೋ ಒಂದಿತ್ತು. ಅದು ಯಾತಕ್ಕೆಂದು ಹೊಳೆಯಲಿಲ್ಲ.

"ಏ ಹುಡುಗೀ, ಬಾರೇ!" ಹೊರಗಿನಿಂದ ಚಿಕ್ಕಮ್ಮ ಕೂಗಿದಳು. "ಏನು ಹಾಗೆ ನೋಡ್ತೀಯ? ಬಾಗಿಲು ನಿನ್ನ ಎದುರಿಗೇ ಇದೆಯಲ್ಲೇ!"

ನಾನು ಗೋಡೆಯ ಮೇಲೆ ಕೈಯಿಟ್ಟು ಸವರುತ್ತ ಹೊರಟೆ.