ಖಣದಲ್ಲಿ ಕಟ್ಟಿದ ಮಣ್ಣು

೧೯೭೬ರ ಮಳೆಗಾಲ. ಮಣ್ಣು ಪರೀಕ್ಷೆಯ ಪ್ರಯೋಗಶಾಲೆಯಲ್ಲಿ ಗಂಧಕ ಅಳೆಯಲು ಬಲ್ಲವನು ನಾನೊಬ್ಬನೇ ಎಂಬ ಸೊಕ್ಕು ನನಗೆ. ದುಮ್ಮವಾಡದ ಮಲ್ಲಕ್ಕನ ಮಣ್ಣು ಕುಪ್ಪಸದ ಖಣದ ಬಟ್ಟೆಯಲ್ಲಿ ಬಂದಿತ್ತು. ಕಲ್ಲು ಆರಿಸಿ, ಜರಡಿ ಹಿಡಿದು, ಗಂಟಿಗೆ ಅರಿಷಿಣ ಕುಂಕುಮ ಹಚ್ಚಿದ್ದಳು. ನೋಡಿ ನಕ್ಕೆ. ಪರೀಕ್ಷೆ ಮಾಡಿ, 'ಗಂಧಕ ಸಾಕಷ್ಟಿದೆ, ನೆಲ ಉತ್ತಮ' ಎಂದು ಬರೆದು ಕಳಿಸಿದೆ.

ಎಂಟು ದಿನಕ್ಕೆ ಆಕೆಯೇ ಬಂದಳು. ಗಂಡ ತೀರಿದ ಮೇಲೆ ಎರಡು ಎಕರೆ ಕೆಂಪು ಮರಳುಮಣ್ಣಿನ ಮಸಾರಿ ಹೊಲವನ್ನು ಒಬ್ಬಳೇ ಮಾಡುತ್ತಿದ್ದಳು. ಎರಡು ವರ್ಷದಿಂದ ಶೇಂಗಾ ಹಳದಿಯಾಗುತ್ತಿತ್ತು. ಮೈದುನ ಈರಪ್ಪ ನನ್ನ ಕಾಗದವನ್ನು ಚಾವಡಿಯಲ್ಲಿ ಓದಿಸಿ, 'ನೆಲ ಚಲೋ ಇದ್ದರೆ ಕೆಟ್ಟದ್ದು ಆಕೆಯ ಕೈ, ಮುಂದಿನ ವರ್ಷದಿಂದ ಹೊಲ ನಾನೇ ಮಾಡುತ್ತೇನೆ' ಎಂದಿದ್ದನಂತೆ.

ಮರುದಿನವೇ ಹೋದೆ. ಹೊಲದ ತುಂಬ ಎಳೆ ಎಲೆಗಳೇ ಹಳದಿ. ಬದುವಿನ ಬಾಜು ಮಂಚದಷ್ಟು ಜಾಗ ಮಾತ್ರ ಕಡುಹಸಿರು.

"ಮಣ್ಣು ಎಲ್ಲಿಂದ ತಗೊಂಡ್ರಿ?"

"ಆ ಹಸರ ಜಾಗಾದಾಗಿಂದರಿ. ಮೊದಲ ಅಲ್ಲಿ ತಿಪ್ಪಿ ಇತ್ತು."

"ಅದನ್ನಽ ಯಾಕ?"

"ಹೆಣ್ಣು ನೋಡಾಕ ಬಂದಾಗ ಹರಕ ಸೀರಿ ಉಡಿಸಿ ಕುಂದರಸ್ತಾರೇನ್ರಿ?"

ನನ್ನ ಸೊಕ್ಕು ಇಳಿಯಿತು. ಎಲ್ಲಿಯ ಮಣ್ಣೆಂದು ನಾನು ಕೇಳಿಯೇ ಇರಲಿಲ್ಲ. ತಿಪ್ಪೆಗೊಬ್ಬರ ಗಂಧಕವನ್ನು ಹಿಡಿದಿಡುತ್ತದೆ. ಬರೀ ಮಸಾರಿಯಲ್ಲಿ ಮಳೆನೀರಿನ ಜೊತೆ ಅದು ಕೆಳಗಿಳಿದು ಹೋಗುತ್ತದೆ. ಗಂಡ ಹಾಕುತ್ತಿದ್ದ ಸೂಪರ್ ಫಾಸ್ಫೇಟ್ ಗೊಬ್ಬರದಲ್ಲಿ ಗಂಧಕ ಇತ್ತು. ಎರಡು ವರ್ಷದಿಂದ ಆಕೆ ಹಾಕುತ್ತಿದ್ದ ಡಿಎಪಿಯಲ್ಲಿ ಇಲ್ಲ.

"ಹಳದಿ ಇದ್ದಲ್ಲಿ ಅಗದು ಕೊಡ್ರಿ. ಈರಪ್ಪನೂ ನೋಡ್ಲಿ."

ಈರಪ್ಪ ಬದುವಿನ ಮೇಲೇ ನಿಂತಿದ್ದ. ಮಲ್ಲಕ್ಕ ಸಲಿಕೆ ಮುಟ್ಟಲಿಲ್ಲ.

"ನನ್ನ ಕೈ ಕೆಟ್ಟದ್ದು ಅಂದ್ರ ಅನ್ಲಿ ಬಿಡ್ರಿ. ಇಷ್ಟ ವರ್ಷ ಅನ್ನಾ ಹಾಕೇತಿ ಈ ನೆಲಾ. ಇದರ ಹುಳುಕು ಮಂದಿ ಮುಂದ ಹೆಂಗ ತೋರಸ್ಲಿ?"

ನಾನೇ ಸಲಿಕೆ ಎತ್ತಿ ಆಕೆಯ ಮುಂದೆ ಹಿಡಿದೆ. "ಯವ್ವಾ, ತಾಯಿಗೆ ಜಡ್ಡಾದ್ರ ಡಾಕ್ಟರಿಗೆ ಮುಚ್ಚಿಡ್ತೀರೇನು?"

ಆಕೆ ನೆಲ ಮುಟ್ಟಿ ಕಣ್ಣಿಗೊತ್ತಿಕೊಂಡು ಅಗೆದಳು.

ಆ ಮಣ್ಣಿನಲ್ಲಿ ಗಂಧಕ ಇಲ್ಲವೆನ್ನುವಷ್ಟು ಕಡಿಮೆ. ಹೊಸ ಕಾಗದದ ಮೊದಲ ಸಾಲಿನಲ್ಲೇ ನನ್ನ ತಪ್ಪು ಒಪ್ಪಿಕೊಂಡೆ. ಹೂ ಬಿಡುವಾಗ ಗಂಧಕವಿರುವ ಜಿಪ್ಸಂ ಹಾಕಿಸಿದೆ; ಹದಿನೈದು ದಿನದಲ್ಲಿ ಎಳೆ ಎಲೆ ಹಸಿರಾಯಿತು.

ದೀಪಾವಳಿಯ ಹೊತ್ತಿಗೆ ಪ್ರಯೋಗಶಾಲೆಗೆ ಈರಪ್ಪ ಬಂದ. ಒಂದು ಕೈಯಲ್ಲಿ ಅರಿಷಿಣ ಕುಂಕುಮ ಹಚ್ಚಿದ ಖಣದ ಗಂಟು. ಬಿಚ್ಚಿದರೆ ಮಲ್ಲಕ್ಕನ ಹೊಲದ ಹೊಸ ಶೇಂಗಾ. ಇನ್ನೊಂದು ಕೈಯಲ್ಲಿ ಕಲ್ಲು, ಬೇರು ಸಮೇತ ಒಂದು ಚೀಲ ಮಣ್ಣು.

"ಇದು ನನ್ನ ಹೊಲದ್ದರಿ," ಎಂದ ತಲೆ ತಗ್ಗಿಸಿ. "ಕಲ್ಲು ಆರಸಬ್ಯಾಡ, ಕೆಟ್ಟ ಜಾಗಾದ್ದಽ ಒಯ್ಯಿ ಅಂತ ಅತ್ತಿಗಿ ಹೇಳ್ಯಾಳ."