ಗಾಲಿಕುರ್ಚಿ ಹಿಡಿಯುವ ಕಾರು

ಶಿಕಾರಿಪುರದಿಂದ ಸೊರಬಕ್ಕೆ ಹೋಗುವ ದಾರಿಯಲ್ಲಿ ಬಸ್ಸಿಗೇನೂ ಬರವಿಲ್ಲ. ಕೈ ತೋರಿಸಿದರೆ ನಿಲ್ಲುತ್ತವೆ. ಕೋಳಿ ಹಿಡಿದವರನ್ನೂ ಹತ್ತಿಸಿಕೊಳ್ಳುತ್ತವೆ, ಮೂಟೆ ಹೊತ್ತವರನ್ನೂ ಹತ್ತಿಸಿಕೊಳ್ಳುತ್ತವೆ. ಆದರೆ ಗಾಲಿಕುರ್ಚಿಯಲ್ಲಿ ಕೂತ ಹುಡುಗಿ ಕೈ ತೋರಿಸಿದರೆ ಏನಾಗುತ್ತದೆ, ಒಂದು ದಿನ ನಿಂತು ನೋಡಿ. ಎತ್ತಿ ಕೂರಿಸುವ ಪುಣ್ಯಾತ್ಮರು ಇಲ್ಲವೆಂದಲ್ಲ. ದಿನಾ ಬೆಳಿಗ್ಗೆ ಅವರೇ ಸಿಗಬೇಕಲ್ಲ.

ಆ ದಾರಿಯ ಹಳ್ಳಿಯೊಂದರಲ್ಲಿ ಕುರಿ ಸಾಕುವ ಚಂದ್ರಶೇಖರಪ್ಪನ ಮಗಳು ಪ್ರಮೀಳಾಗೆ ಬಂದಿದ್ದು ಇದೇ ತೊಂದರೆ. ಚಿಕ್ಕಂದಿನಲ್ಲಿ ಟ್ರ್ಯಾಕ್ಟರಿನ ಟ್ರೈಲರಿನಿಂದ ಬಿದ್ದು ಬೆನ್ನಿಗೆ ಪೆಟ್ಟಾದಾಗಿನಿಂದ ಅವಳ ಕಾಲಿಗೆ ಬಲವಿಲ್ಲ. ಹಠಕ್ಕೇನೂ ಕಡಿಮೆ ಇರಲಿಲ್ಲ. ಬಿ.ಎಸ್ಸಿ. ಮಾಡಿದಳು, ಬಿ.ಎಡ್. ಮಾಡಿದಳು. ಈಗ ಸೊರಬದ ಒಂದು ಶಾಲೆಯವರು ಲೆಕ್ಕದ ಟೀಚರ್ ಕೆಲಸಕ್ಕೆ ಒಪ್ಪಿದ್ದರು. ಒಂದೇ ಮಾತು ಹೇಳಿದ್ದರು: ಶಾಲೆ ಶುರುವಾದ ದಿನದಿಂದ ತಪ್ಪದೆ ಬರಬೇಕು, ಬರಲಾಗದಿದ್ದರೆ ಈಗಲೇ ತಿಳಿಸಿ, ಬೇರೆಯವರನ್ನು ನೋಡಿಕೊಳ್ಳುತ್ತೇವೆ.

ಮನೆಯವರೆಲ್ಲ ಕೂತು ಯೋಚಿಸಿದರು. ದಿನಾ ಬಾಡಿಗೆ ಆಟೋ ಎಂದರೆ ಸಂಬಳವೆಲ್ಲ ಅದಕ್ಕೇ ಹೋಗುತ್ತದೆ. ಅಣ್ಣ ಯತೀಶನಿಗೆ ಲೈಸೆನ್ಸ್ ಇತ್ತು. ಹಿಂಡಿನ ಅರ್ಧದಷ್ಟು ಕುರಿ ಮಾರಿ ಒಂದು ಹಳೇ ಕಾರು ತರುವುದೆಂದು ತೀರ್ಮಾನವಾಯಿತು.

ಕುರಿ ನೋಡುವುದರಲ್ಲಿ ಚಂದ್ರಶೇಖರಪ್ಪನ ಕಣ್ಣು ಸುತ್ತಲ ಹಳ್ಳಿಗಳಲ್ಲಿ ಹೆಸರಾದದ್ದು. ಬಾಯಿ ಬಿಡಿಸಿ ಹಲ್ಲು ನೋಡುತ್ತಾನೆ, ಬೆನ್ನು ಒತ್ತುತ್ತಾನೆ, ನಾಲ್ಕು ಹೆಜ್ಜೆ ನಡೆಸುತ್ತಾನೆ. ಉಪ್ಪು ತಿನ್ನಿಸಿ, ನೀರು ಕುಡಿಸಿ, ಹೊಟ್ಟೆ ಉಬ್ಬಿಸಿ ತಂದ ಕುರಿ ಅವನಿಗೆ ದೂರದಿಂದಲೇ ಗೊತ್ತಾಗುತ್ತದೆ. ಅಂಥ ಮನುಷ್ಯ ಕಾರು ಕೊಳ್ಳಲು ಹೋಗಿ ಏನು ಮಾಡಿದ ಕೇಳಿ.

ಮೊದಲನೆಯದಾಗಿ, ಒಬ್ಬನೇ ಹೋದ. ವ್ಯಾಪಾರದ ಜಾಗಕ್ಕೆ ಹೆಣ್ಣುಮಕ್ಕಳು ಯಾಕೆ ಎನ್ನುವುದು ಆ ಮನೆಯ ವಾಡಿಕೆ. ಯತೀಶ ಟ್ರ್ಯಾಕ್ಟರ್ ಹೊಡೆಯಲು ಹೋಗಿದ್ದ. ಶಿಕಾರಿಪುರದ ಹೊರಗೆ ಹಳೇ ಕಾರು ಮಾರುವ ಒಂದು ಅಂಗಳದಲ್ಲಿ ಉಚ್ಚಂಗಪ್ಪನೆಂಬ ದಲ್ಲಾಳಿ ಅವನನ್ನು ಗಾಜಿನ ಕೋಣೆಗೆ ಕರೆದು ಕೂರಿಸಿದ, ಟೀ ತರಿಸಿದ, ಮಾತುಮಾತಿಗೂ ಯಜಮಾನ್ರೇ ಎಂದ. ಹೊರಗೆ ಬಿಳಿ ಕಾರೊಂದು ಫಳಫಳ ಹೊಳೆಯುತ್ತ ನಿಂತಿತ್ತು. ಬಗ್ಗಿ ಅದರ ಅಡಿ ನೋಡಬೇಕೆಂದು ಚಂದ್ರಶೇಖರಪ್ಪನಿಗೆ ಒಮ್ಮೆ ಅನ್ನಿಸಿತು. ಚಪ್ಪಲಿಯ ಮಣ್ಣು ಕೋಣೆಯ ನುಣುಪು ನೆಲದ ಮೇಲೆ ಆಗಲೇ ಗುರುತು ಮಾಡಿತ್ತು. ಅವನಿಗೆ ಸಂಕೋಚವಾಯಿತು. ಸಂತೆಯಲ್ಲಿ ಕುರಿಯ ಬಾಯಿಗೇ ಕೈ ಹಾಕುವವನು ಇಲ್ಲಿ ಕಾರಿನ ಬಾಗಿಲನ್ನೂ ಸರಿಯಾಗಿ ಮುಟ್ಟಲಿಲ್ಲ.

ಉಚ್ಚಂಗಪ್ಪನ ತಂದೆ ಕುರಿ ಸಂತೆಯಲ್ಲಿ ದಲ್ಲಾಳಿಯಾಗಿದ್ದವನು. ಮಗನಿಗೆ ಎದುರಿಗೆ ಕೂತವರ ಜಾಯಮಾನ ಗೊತ್ತು. ತನ್ನ ಟವೆಲನ್ನು ಇಬ್ಬರ ಕೈ ಮೇಲೂ ಹೊದಿಸಿ, ಸಂತೆಯಲ್ಲಿ ಮಾಡುವ ಹಾಗೆಯೇ ಬೆರಳು ಹಿಡಿದು ರೇಟು ಹೇಳಿದ. ಚಂದ್ರಶೇಖರಪ್ಪನಿಗೆ ನಮ್ಮವನೇ ಸಿಕ್ಕಿದ ಎನ್ನುವಷ್ಟು ಖುಷಿಯಾಯಿತು. ಆ ರೇಟಿಗೆ ಒಪ್ಪಿ ಕೈ ಕೊಟ್ಟುಬಿಟ್ಟ.

ಕುರಿ ವ್ಯಾಪಾರದವರಲ್ಲಿ ಟವೆಲ್ಲಿನಡಿ ಕೈ ಸೇರಿತೆಂದರೆ ಮುಗಿಯಿತು, ಅದೇ ಮಾತು. ಕೊಟ್ಟ ಕೈಯನ್ನು ಚಂದ್ರಶೇಖರಪ್ಪ ಈವರೆಗೆ ಹಿಂದೆ ತೆಗೆದವನಲ್ಲ.

ಮನೆಗೆ ಬಂದಾಗ ಕುಪ್ಪಗಡ್ಡೆಯ ನಾಗವೇಣಿ ಜಗಲಿಯ ಮೇಲೆ ಕೂತಿದ್ದಳು. ಅವಳೂ ಚಂದ್ರಶೇಖರಪ್ಪನ ಹೆಂಡತಿ ದ್ಯಾಮಮ್ಮನೂ ಮಹಿಳಾ ಒಕ್ಕೂಟದ ಸಭೆಗಳಲ್ಲಿ ಗೆಳತಿಯರಾದವರು. ತನ್ನ ಪಂಚಾಯಿತಿಯ ಕಸದ ಗಾಡಿಯನ್ನು ನಾಗವೇಣಿಯೇ ಓಡಿಸುತ್ತಾಳೆ. ಸುದ್ದಿ ಕೇಳಿ ಅವಳಿಗೂ ಸಂತೋಷವಾಯಿತು. ಆಮೇಲೆ ಕೇಳಿದಳು.

"ಅಣ್ಣಾ, ಡಿಕ್ಕಿ ತೆಗೆದು ನೋಡಿದ್ರಾ?"

"ಡಿಕ್ಕಿ ಇಲ್ದ ಕಾರು ಇರ್ತತೇನವ್ವ?"

"ಇರೋದು ಗೊತ್ತು ಮಾರಾಯ್ರೆ. ಪ್ರಮೀಳನ ಕುರ್ಚಿ ಹಿಡೀತದಾ ಅಂತ ಕೇಳಿದ್ದು."

ಚಂದ್ರಶೇಖರಪ್ಪ ಮಗಳ ಕಡೆ ನೋಡಿದ. ಅದು ಅವನ ತಲೆಗೇ ಹೊಳೆದಿರಲಿಲ್ಲ. "ಮಡಚಿದ್ರ ಹಿಡೀತತಿ ಬಿಡು," ಎಂದ.

"ಇಂಜಿನ್ ತಣ್ಣಗಿದ್ದಾಗ ಸ್ಟಾರ್ಟ್ ಮಾಡ್ಸಿದ್ರಾ?"

"ನಾ ಹೋಗೋ ಹೊತ್ತಿಗೆ ಸ್ಟಾರ್ಟ್ ಮಾಡೇ ಇಟ್ಟಿದ್ರು. ಭಾಳ ಮರ್ಯಾದಿ ಮನುಷ್ಯ."

ನಾಗವೇಣಿ ನಕ್ಕುಬಿಟ್ಟಳು. "ಉಪ್ಪು ನೀರು ಕುಡಿಸಿದ ಕುರಿ ತಂದು ನಿಲ್ಸಿದ್ರೆ ಅದನ್ನೂ ಮರ್ಯಾದಿ ಅಂತೀರಾ? ಇಂಜಿನ್ ಬಿಸಿಯಾದ ಮೇಲೆ ಎಷ್ಟೋ ರೋಗ ಮುಚ್ಚಿ ಹೋಗ್ತದೆ. ತಣ್ಣಗಿದ್ದಾಗ ಹೊಗೆನೂ ಕಾಣ್ತದೆ, ಸದ್ದೂ ಕೇಳ್ತದೆ. ನಮ್ಮನೆಯವ್ರು ನಾಗೇಶ್ ಹೀಗೇ ಬಣ್ಣ ನೋಡಿ ಒಂದು ಗಾಡಿ ತಂದಿದ್ರು. ಮೊದಲನೇ ಮಳೆಗೆ ಕಾಲಿಡೋ ಜಾಗ ತುಕ್ಕು ಹಿಡಿದು ಕಳಚಿ, ಒಳಗೆ ಕೂತ್ರೆ ರಸ್ತೆ ಕಾಣ್ತಿತ್ತು."

ಎಲ್ಲರೂ ನಕ್ಕರು, ಚಂದ್ರಶೇಖರಪ್ಪ ಮಾತ್ರ ನಗಲಿಲ್ಲ. "ಕುರೀನೂ ಕಾರೂ ಒಂದೇ ಏನವ್ವ? ಅಲ್ದೆ ನಾ ಕೈ ಕೊಟ್ಟಾಗೈತಿ," ಎಂದು ಎದ್ದು ಹೋದ.

ಸಂಜೆ ದೊಡ್ಡಿಗೆ ಕುರಿ ಹೊಡೆಯುವಾಗ ಅವನ ಮನಸ್ಸು ಕೊರೆಯತೊಡಗಿತು. ಅರ್ಧ ದೊಡ್ಡಿ ಖಾಲಿಯಿತ್ತು. ಒಂದು ಮರಿ ತರುವಾಗಲೂ ಹತ್ತು ಸಲ ತಿರುಗಿಸಿ ನೋಡುವವನು, ಅರ್ಧ ಹಿಂಡಿನ ದುಡ್ಡನ್ನು ಒಂದು ಟೀ ಕುಡಿಯುವಷ್ಟರಲ್ಲಿ ಕೊಡಲು ಒಪ್ಪಿ ಬಂದಿದ್ದ. ಯಾಕೆ ಹೀಗಾಯಿತು? ಮೇವು ಹಾಕಲು ಬಂದ ಹೆಂಡತಿಗೆ ಹೇಳಿದ, "ಅಲ್ಲಿ ನಂಗೆ ನಾಚಿಕೆ ಆತು ಕಣೇ. ಕೇಳಿದ್ರ ಏನೂ ತಿಳೀದ ಹಳ್ಳಿಯೋನು ಅಂತಾರೇನೋ ಅಂತ ಸುಮ್ನಾದೆ."

ದ್ಯಾಮಮ್ಮ ಅವನನ್ನು ಹಂಗಿಸಲಿಲ್ಲ. "ದುಡ್ಡಿನ್ನೂ ಕೊಟ್ಟಿಲ್ವಲ್ರೀ. ನಾಳೆ ಎಲ್ರೂ ಹೋಗಣ. ಕುರ್ಚೀನೂ ತಗಂಡು ಹೋಗಣ," ಎಂದಳು.

ಮರುದಿನ ಹೇಳದೆ ಕೇಳದೆ ಬೆಳಿಗ್ಗೆಯೇ ಹೊರಟರು. ಸಾಮಾನಿನ ಆಟೋದಲ್ಲಿ ಪ್ರಮೀಳಾ, ಅವಳ ಕುರ್ಚಿ, ಅಪ್ಪ, ಅವ್ವ, ಅಣ್ಣ. ನಾಗವೇಣಿ ಸೊರಬದಿಂದ ಪುಟ್ಟಪ್ಪ ಎಂಬ ಮೆಕ್ಯಾನಿಕ್ಕನ್ನು ಕರೆತಂದಿದ್ದಳು. ಅಂಗಳದವರ ಮೆಕ್ಯಾನಿಕ್ ಅಂಗಳದವರ ಮಾತನ್ನೇ ಹೇಳುತ್ತಾನೆ, ನಮ್ಮ ಕಡೆಯವನೊಬ್ಬ ಇರಲಿ ಎಂದು ಅವಳ ಲೆಕ್ಕ.

ತಣ್ಣಗಿದ್ದ ಬಿಳಿ ಕಾರನ್ನು ಯತೀಶ ಸ್ಟಾರ್ಟ್ ಮಾಡಿದ. ಹಿಂದಿನಿಂದ ನೀಲಿ ಹೊಗೆ ಎದ್ದಿತು. "ಆಯಿಲ್ ಉರೀತಾ ಇದೆ," ಎಂದ ಪುಟ್ಟಪ್ಪ. ಡಿಕ್ಕಿ ತೆಗೆದು ಕೆಳಗಿನ ಮ್ಯಾಟ್ ಎತ್ತಿದರೆ ಅಲ್ಲಿ ಕಾರು ಓಡಿಸುವ ಗ್ಯಾಸಿನ ಸಿಲಿಂಡರ್ ಕೂತಿತ್ತು. ಮುಂದಕ್ಕೊಂದು ಹಲಗೆ ಇಟ್ಟು, ಮೇಲೆ ಮ್ಯಾಟ್ ಹಾಸಿ, ಡಿಕ್ಕಿಯೇ ಅಷ್ಟು ಎನ್ನುವಂತೆ ಮಾಡಿದ್ದರು. ಕುರ್ಚಿಯನ್ನು ಮಡಚಿ ಹಾಕಿದರೂ ಬಾಗಿಲು ಮುಚ್ಚಲಿಲ್ಲ.

"ಮ್ಯಾಲೆ ಕ್ಯಾರಿಯರ್ ಹಾಕ್ಸಿ ಕಟ್ಟಿದ್ರಾತು ಬಿಡ್ರಿ," ಎಂದ ಉಚ್ಚಂಗಪ್ಪ.

ನಮ್ಮ ಕಡೆಯ ಮಳೆಗಾಲದಲ್ಲಿ ದಿನಕ್ಕೆರಡು ಸಲ ಗಾಲಿಕುರ್ಚಿಯನ್ನು ಕಾರಿನ ತಲೆಗೆ ಕಟ್ಟಿ ಇಳಿಸುವವರು ಯಾರು, ಅದನ್ನು ಅವನು ಹೇಳಲಿಲ್ಲ. ಸೀಟೂ ತೀರಾ ಕೆಳಗಿತ್ತು. ಪ್ರಮೀಳಾ ಕುರ್ಚಿಯಿಂದ ಜರುಗಲು ಎರಡು ಸಲ ನೋಡಿದಳು, ಆಗಲಿಲ್ಲ. ಕೊನೆಗೆ ಯತೀಶನೇ ಎತ್ತಿ ಕೂರಿಸಿದ. ಅವಳು ಅಪ್ಪನ ಮುಖ ನೋಡಿದಳು. ಕೊಟ್ಟ ಕೈಯ ಚಿಂತೆ ಆ ಮುಖದ ಮೇಲೆಯೇ ಬರೆದಂತಿತ್ತು.

"ಇರ್ಲಿ ಅಪ್ಪಾಜಿ, ನೀವು ಮಾತು ಕೊಟ್ಟೀರಿ," ಎಂದಳು. "ಕುರ್ಚಿ ಮನೇಲೇ ಬಿಟ್ಟು ಹೋಗ್ತೀನಿ. ಅಣ್ಣ ಎತ್ತಿ ಕ್ಲಾಸ್‌ನಾಗೆ ಕೂರ್ಸಿದ್ರ ಸಂಜೆ ತನಕ ಅಲ್ಲೇ ಕೂತಿರ್ತೀನಿ. ನೀರು ಕಡಿಮೆ ಕುಡಿದ್ರ ಆತು."

ನೀರು ಕಡಿಮೆ ಕುಡಿದರಾಯಿತು ಎಂದದ್ದು ಯಾಕೆಂದು ಅಪ್ಪನಿಗೆ ಅರ್ಥವಾಗದೆ ಹೋಗಲಿಲ್ಲ. ಪಾಠ ಹೇಳುವ ಟೀಚರು ಬೋರ್ಡಿನ ಹತ್ತಿರಕ್ಕೂ ಹೋಗಲಾಗದೆ, ಬಚ್ಚಲಿಗೂ ಹೋಗಲಾಗದೆ, ಅಪ್ಪನ ಮರ್ಯಾದೆ ಉಳಿಸಲು ಬಾಯಾರಿ ಕೂತಿರಬೇಕು. ಅಂಥ ಮರ್ಯಾದೆ ಯಾರಿಗೆ ಬೇಕು?

"ಉಚ್ಚಂಗಪ್ಪ, ನಾ ಕೈ ಹಿಂದಕ್ಕ ತಗೊಂಡೆ," ಎಂದ.

"ನಿಮ್ಮಂಥ ಹಿರೇರು ಹಿಂಗಂದ್ರ ಹೆಂಗ್ರಿ?"

"ನಿಮ್ಮಪ್ಪ ಹೇಳಿಕೊಟ್ಟಿಲ್ಲೇನಪ್ಪ? ಐಬು ಮುಚ್ಚಿ ತಂದ ಕುರಿಗೆ ಕೊಟ್ಟ ಕೈ, ಕೈ ಅಲ್ಲ."

ಉಚ್ಚಂಗಪ್ಪ ಟವೆಲನ್ನು ಹೆಗಲಿಗೆ ಹಾಕಿಕೊಂಡ. "ನೀವು ಕೇಳ್ಲಿಲ್ಲ, ನಾ ಹೇಳ್ಲಿಲ್ರೀ."

"ಹೌದು, ಕೇಳ್ಲಿಲ್ಲ. ಅದು ನಂದೇ ತಪ್ಪು. ಇವತ್ತು ಕೇಳ್ತೀನಿ," ಎಂದ ಚಂದ್ರಶೇಖರಪ್ಪ.

ಅಂಗಳದ ಮೂಲೆಯಲ್ಲಿ ಧೂಳು ಹಿಡಿದು ನಿಂತಿದ್ದ ಉದ್ದನೆಯ ಕಾರೊಂದನ್ನು ಪ್ರಮೀಳಾಳೇ ತೋರಿಸಿದಳು. "ಅದು ಸ್ಟೇಷನ್ ವ್ಯಾಗನ್ನು. ಮ್ಯಾಲಿನ ಮಾಡು ಹಿಂದಿನ ತನಕ ಉದ್ದಕ ಐತಿ, ಡಿಕ್ಕಿ ದೊಡ್ಡದು. ಆಂಬುಲೆನ್ಸ್ ಕಂಡಂಗ ಕಾಣ್ತತಿ ಅಂತ ಯಾರೂ ಮುಟ್ಟಲ್ಲ," ಎಂದ ಉಚ್ಚಂಗಪ್ಪ. ಮುಟ್ಟುವವರಿಲ್ಲದ್ದಕ್ಕೇ ಅದರ ಬೆಲೆಯೂ ಬಿಳಿ ಕಾರಿಗಿಂತ ಕಡಿಮೆಯಿತ್ತು.

ಹಿಂದಿನ ಬಾಗಿಲು ಪೂರ್ತಿ ಮೇಲಕ್ಕೆ ಎದ್ದಿತು. ಹಿಂದಿನ ಸೀಟಿನ ಒಂದು ಪಾಲು ಮಡಚಿದ್ದೇ ತಡ, ಯತೀಶ ಕುರ್ಚಿಯನ್ನು ಮಡಚದೆ ಹಾಗೆಯೇ ಒಳಗೆ ತಳ್ಳಿದ. ಪಕ್ಕದಲ್ಲಿ ಹಿಂಡಿ ಮೂಟೆಗೂ ಜಾಗವಿತ್ತು. ಮುಂದಿನ ಸೀಟು ಪ್ರಮೀಳಾಳ ಕುರ್ಚಿಯಷ್ಟೇ ಎತ್ತರ. ಕುರ್ಚಿಯನ್ನು ಮತ್ತೆ ಇಳಿಸಿ ಕೊಟ್ಟಾಗ ಅವಳು ಬಾಗಿಲು ಹಿಡಿದು, ಕೈಯೂರಿ, ಯಾರ ಸಹಾಯವೂ ಇಲ್ಲದೆ ಅದರಿಂದ ಸೀಟಿಗೆ ಜರುಗಿ ಕೂತಳು.

ಇನ್ನು ಚಂದ್ರಶೇಖರಪ್ಪನನ್ನು ಹಿಡಿಯುವವರಿಲ್ಲ. ಹೆಗಲ ಟವೆಲ್ ನೆಲಕ್ಕೆ ಹಾಸಿ ಅದರ ಮೇಲೆ ಅಂಗಾತ ಮಲಗಿ ಅಡಿಯಲ್ಲಿ ತುಕ್ಕು ಹುಡುಕಿದ. ಟೈರಿನ ಒಳಮೈ ಸವರಿದ. ಪುಟ್ಟಪ್ಪನೂ ಸುಳ್ಳು ಹೇಳಲಿಲ್ಲ. ಇಂಜಿನ್ ಚೆನ್ನಾಗಿದೆ, ಕ್ಲಚ್ ಸವೆದಿದೆ, ಎರಡು ಟೈರು ಹಾಕಿಸಬೇಕು ಎಂದ. "ಗಾಡಿ ಹಳೇದಾದ್ರೂ ಇದರ ಇಂಜಿನ್ನು, ಬ್ರೇಕು ನಮ್ಮ ಕಡೆ ಓಡೋ ಸಣ್ಣ ಕಾರಿಂದೇ. ಸಾಮಾನು ಸೊರಬದಲ್ಲೇ ಸಿಕ್ತದೆ. ಅದಿಲ್ದಿದ್ರೆ ಬೇಡ ಅಂತಿದ್ದೆ."

ಮನೆಯವರೆಲ್ಲ ಹತ್ತಿ, ಕುರ್ಚಿಯನ್ನೂ ಹಾಕಿಕೊಂಡು, ಗುಂಡಿ ಬಿದ್ದ ರಸ್ತೆಯಲ್ಲಿ ಒಂದು ಸುತ್ತು ಹೋಗಿ ಬಂದರು. ಆಮೇಲೆ ನಾಗವೇಣಿಯ ಸರದಿ. ಆರ್.ಸಿ. ಯಾರ ಹೆಸರಲ್ಲಿದೆ, ಅದರ ಅವಧಿ ಎಷ್ಟು ಉಳಿದಿದೆ, ಬ್ಯಾಂಕಿನ ಸಾಲ ತೀರಿದ ಪತ್ರ ಇದೆಯೇ, ಇನ್ಶೂರೆನ್ಸ್ ಚಾಲ್ತಿಯಲ್ಲಿದೆಯೇ, ಗಾಡಿಯನ್ನು ನಮ್ಮ ಹೆಸರಿಗೆ ಮಾಡಿಸಿಕೊಡುವವರು ಯಾರು. ಉಚ್ಚಂಗಪ್ಪ ಮತ್ತೆ ಟವೆಲ್ ಹಿಡಿದು ಬಂದ. ಚಂದ್ರಶೇಖರಪ್ಪ ಕೈ ಕಟ್ಟಿಕೊಂಡ. "ಇವತ್ತಲ್ಲ. ಕಾಗದ ಎಲ್ಲ ಸರಿ ಐತಿ ಅಂತ ತಿಳಿದ ಮ್ಯಾಲೆ," ಎಂದ.

"ದುಡ್ಡೆಲ್ಲ ಗಾಡಿಗೇ ಸುರೀಬೇಡಿ ಅಣ್ಣಾ, ಕ್ಲಚ್ಚಿಗೂ ಟೈರಿಗೂ ಇಟ್ಕಳಿ," ಎಂದಳು ನಾಗವೇಣಿ. ವಿಚಾರಿಸಿದಾಗ ಕಾಗದಗಳೆಲ್ಲ ಸರಿಯಿದ್ದವು. ಕ್ಲಚ್ಚಿನ ಖರ್ಚು ತೋರಿಸಿ ಬೆಲೆಯನ್ನು ಇನ್ನಷ್ಟು ಇಳಿಸಿಯೇ ಕಾರು ತಂದರು.

ಊರವರು ಬಿಟ್ಟಾರೆಯೇ? ಯಾರಿಗೆ ಹುಷಾರಿಲ್ಲ ಚಂದ್ರಣ್ಣ ಎಂದು ದಾರಿಯಲ್ಲಿ ಹಾಸ್ಯ ಮಾಡಿದರು. ಅವನು ನಕ್ಕು ಮುಂದೆ ಹೋದ.

ಶಾಲೆ ಶುರುವಾದ ದಿನ ಅಪ್ಪನೂ ಜೊತೆಗೆ ಹೋದ. ಯತೀಶ ಹಿಂದಿನ ಬಾಗಿಲು ತೆಗೆದು ಕುರ್ಚಿ ಇಳಿಸಿದ. ಚಿಕ್ಕಂದಿನಿಂದ ಮಗಳನ್ನು ಎತ್ತಿ ರೂಢಿಯಾದ ಚಂದ್ರಶೇಖರಪ್ಪ ಎರಡೂ ಕೈ ಚಾಚಿ ಮುಂದೆ ಬಂದ. "ಬ್ಯಾಡ ಅಪ್ಪಾಜಿ," ಎಂದಳು ಪ್ರಮೀಳಾ. ತಾನೇ ಜರುಗಿ ಕುರ್ಚಿಯಲ್ಲಿ ಕೂತಳು. ಮಡಿಲಲ್ಲಿ ನೀರಿನ ಬಾಟಲಿ ಇಟ್ಟುಕೊಂಡು, ತಾನೇ ಗಾಲಿ ತಿರುಗಿಸುತ್ತ, ಮಕ್ಕಳ ನಡುವೆ ಒಳಗೆ ಹೋದಳು.

ಬಾಟಲಿಯಲ್ಲಿ ನೀರು ತುಂಬಾ ಇತ್ತು. ಅದನ್ನು ನೋಡಿಯೇ ಅವನ ಕಣ್ಣು ತುಂಬಿತು.

ಅಕ್ಕ, ಅಣ್ಣ, ನೀವೂ ಹಳೇ ಗಾಡಿ ನೋಡಲು ಹೊರಟಿದ್ದೀರಾ? ಹೊಳಪು ಆಮೇಲೆ ನೋಡಿ. ಅದರಲ್ಲಿ ದಿನಾ ಕೂರುವವರು ಯಾರೋ ಅವರನ್ನು ಮೊದಲು ಕರೆದುಕೊಂಡು ಹೋಗಿ, ಹೊರಬೇಕಾದ ಸಾಮಾನನ್ನೂ ಒಯ್ಯಿರಿ. ಇಂಜಿನ್ ತಣ್ಣಗಿದ್ದಾಗ ನೋಡಿ, ನಿಮ್ಮ ನಂಬಿಕೆಯ ಮೆಕ್ಯಾನಿಕ್ಕಿಗೆ ತೋರಿಸಿ, ಕಾಗದ ಸರಿಯಾಗುವವರೆಗೆ ಮಾತು ಕೊಡಬೇಡಿ, ರಿಪೇರಿಗೆ ಸ್ವಲ್ಪ ದುಡ್ಡು ಉಳಿಸಿಕೊಳ್ಳಿ. ಬಗ್ಗಿ ನೋಡಲು ಎಲ್ಲಿಯೂ ನಾಚಬೇಡಿ. ದುಡ್ಡು ನಿಮ್ಮ ಬೆವರಿನದು, ಕೇಳುವ ಹಕ್ಕೂ ನಿಮ್ಮದೇ.